ಕೆರಿಯಮ್ಮನ ಮುಖ ಊದಿದ್ದು ಯಾತಕ್ಕೆ?

ಅತ್ತಿಕೊಪ್ಪದಲ್ಲಿ ಯಾರ ಮುಖ ಊದಿದರೂ ಅಪವಾದ ಬರುವುದು ಒಂದೇ ಮರಕ್ಕೆ. ಅದು ಕಾಡುಗೇರು. ಅದರ ಸೊನೆ ತಾಗಿದರೆ ಮೈ ಉರಿದು, ಬಾತು, ನೀರುಗುಳ್ಳೆ ಏಳುತ್ತದೆ. ಕೊಟ್ಟಿಗೆಗೆ ಸೊಪ್ಪು ತರಲು ಗುಡ್ಡ ಹತ್ತುವವರಿಗೆಲ್ಲ ಒಮ್ಮೆಯಾದರೂ ಅದರ ರುಚಿ ಗೊತ್ತಾಗಿರುತ್ತದೆ. ಹಾಗಾಗಿ ಊದಿದ ಮುಖ ಕಂಡರೆ ಊರಲ್ಲಿ ಯಾರೂ ಏನಾಯಿತು ಎಂದು ಕೇಳುವುದಿಲ್ಲ, "ಎಲ್ಲಿ ತಾಗ್ಸ್ಕೊಂಡ್ರಿ?" ಎಂದೇ ಕೇಳುತ್ತಾರೆ. ಪಾಪದ ಮರ, ಮಾಡಿದ್ದಕ್ಕೂ ಮಾಡದ್ದಕ್ಕೂ ಬೈಸಿಕೊಂಡು ಗುಡ್ಡದಲ್ಲಿ ನಿಂತಿದೆ.

ಮೂರು ವರ್ಷದ ಹಿಂದೆ ಬೆಳ್ಳಪ್ಪನ ಹೆಂಡತಿ ಕೆರಿಯಮ್ಮನ ಮುಖ ಊದಿದಾಗಲೂ ಹೀಗೇ ಆಯಿತು. ಅವಳಿಗೆ ಆಗ ಬಿಡದ ಹೊಟ್ಟೆನೋವು. ಡಾಕ್ಟರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟಿದ್ದರು. ಆ ದಿನ ಬೆಳಗಿನ ಜಾವ ಎದ್ದು ಒಂದು ಹೊರೆ ಸೊಪ್ಪು ತಂದು ಕೊಟ್ಟಿಗೆಗೆ ಹಾಕಿಯೇ ಅವಳು ಗಂಡನ ಜೊತೆ ಶಿವಮೊಗ್ಗಕ್ಕೆ ಹೊರಟಿದ್ದಳು. ಅಲ್ಲಿ ಕೈಯ ನರಕ್ಕೆ ಸೂಜಿ ಹಾಕಿ, ಒಳಗಿನ ಅಂಗ ಚೆನ್ನಾಗಿ ಕಾಣಲಿ ಎಂದು ಒಂದು ಮದ್ದು ಬಿಟ್ಟು ಸ್ಕ್ಯಾನ್ ಮಾಡಿದರು. ಮುಗಿದ ಮೇಲೆ ಅಲ್ಲಿನ ನರ್ಸು, "ಅರ್ಧ ಗಂಟೆ ಇಲ್ಲೇ ಕೂತಿರಿ, ಆಮೇಲೆ ಹೋಗಿ" ಎಂದಿದ್ದಳು.

ಕೂರಲು ಬೆಳ್ಳಪ್ಪ ಬಿಡಬೇಕಲ್ಲ! ಆನಂದಪುರದಿಂದ ಒಳಗೆ ಏಳು ಕಿಲೋಮೀಟರ್ ಇರುವ ಅತ್ತಿಕೊಪ್ಪಕ್ಕೆ ಸಂಜೆ ಇರುವುದು ಒಂದೇ ಬಸ್ಸು. ಅದು ತಪ್ಪಿದರೆ ನಡೆದೇ ಹೋಗಬೇಕು. "ಆಯ್ತಲ್ಲ, ನಡಿ ನಡಿ" ಎಂದು ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ. ಬಸ್ಸು ಶಿವಮೊಗ್ಗ ದಾಟುವಷ್ಟರಲ್ಲಿ ಕೆರಿಯಮ್ಮನ ಕಣ್ಣಿನ ರೆಪ್ಪೆ ಬಾತಿತ್ತು. ಆಮೇಲೆ ತುಟಿ ಬಾತಿತು. ಆನಂದಪುರದಲ್ಲಿ ಇಳಿಯುವಾಗ ಅವಳ ಮುಖ ಗುರುತೇ ಸಿಗದ ಹಾಗಾಗಿತ್ತು.

"ಬೆಳಿಗ್ಗೆ ಸೊಪ್ಪಿಗೆ ಹೋಗಿದ್ಯಲ್ಲ, ಕಾಡುಗೇರೇ ಇದು" ಎಂದ ಬೆಳ್ಳಪ್ಪ. ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿದರು. ಮಾರನೇ ದಿನ ಮಧ್ಯಾಹ್ನಕ್ಕೆ ಬಾವು ಇಳಿಯಿತು. ಹೊಟ್ಟೆನೋವೂ ಔಷಧಿಯಲ್ಲಿ ವಾಸಿಯಾಯಿತು. ಎಲ್ಲರೂ ಅದನ್ನು ಮರೆತರು.

ಈ ವರ್ಷ ಕೆರಿಯಮ್ಮನಿಗೆ ಎಡ ಪಕ್ಕೆಯಲ್ಲಿ ನೋವು ಶುರುವಾಯಿತು. ಸಾಗರದಲ್ಲಿ ಅಲ್ಟ್ರಾಸೌಂಡ್ ಮಾಡಿದ ಡಾಕ್ಟರು ಎಡ ಮೂತ್ರಪಿಂಡದಲ್ಲಿ ಒಂದು ಗಡ್ಡೆ ಇದೆ ಎಂದರು. ಅದು ಎಂಥ ಗಡ್ಡೆ, ಅದನ್ನಷ್ಟೇ ತೆಗೆದರೆ ಸಾಕೋ, ಮೂತ್ರಪಿಂಡವನ್ನೇ ತೆಗೆಯಬೇಕೋ ಎಂಬುದು ಮದ್ದು ಹಾಕಿ ಮಾಡುವ ಸಿ.ಟಿ.ಯಲ್ಲೇ ಗೊತ್ತಾಗಬೇಕಿತ್ತು. ಒಮ್ಮೆ ದಿನ ಕೊಟ್ಟರು, ಆ ದಿನ ಮಿಷಿನ್ ಕೆಟ್ಟಿತು. ಮತ್ತೆ ಹತ್ತೊಂಬತ್ತು ದಿನ ಕಾಯಿರಿ ಎಂದರು. ಆ ಹತ್ತೊಂಬತ್ತು ದಿನವೂ ಬೆಳ್ಳಪ್ಪನಿಗೆ ಗಡ್ಡೆಯದೇ ಯೋಚನೆ. ಹೆಂಡತಿ ಪಕ್ಕೆ ಹಿಡಿದು ಉಸಿರೆಳೆದಾಗಲೆಲ್ಲ ಒಳಗೆ ಅದು ಇನ್ನಷ್ಟು ಬೆಳೆಯಿತೇನೋ ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಹೇಳುವ ಗಂಡಸಲ್ಲ. ಹಗ್ಗ ಹೊಸೆಯುತ್ತಾ ಕೂರುತ್ತಿದ್ದ, ಹೊಸೆದ ಹಗ್ಗವನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಿದ್ದ.

ಸ್ಕ್ಯಾನಿನ ಹಿಂದಿನ ದಿನ ಮಧ್ಯಾಹ್ನ ಆಶಾ ಕಾರ್ಯಕರ್ತೆ ಬಿಂದು ಮನೆಗೆ ಬಂದಳು. ಕೆರಿಯಮ್ಮ ಜಗಲಿಯಲ್ಲಿ ಬಿತ್ತನೆ ಶುಂಠಿ ಆರಿಸುತ್ತಿದ್ದಳು, ಪಕ್ಕದಲ್ಲಿ ಬೆಳ್ಳಪ್ಪ ಹಗ್ಗ ಹೊಸೆಯುತ್ತಿದ್ದ.

"ಕೆರಿಯಕ್ಕ, ನಾಳೆ ಎಲ್ಲಾ ತಯಾರಾ? ಹಳೇ ಕಾಗದ ಎಲ್ಲಾ ತಗೊಂಡು ಹೋಗಿ. ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ತೀರಾ?"

"ಇಲ್ಲ ಮಾರಾಯ್ತಿ, ಅದೊಂದು ಇನ್ನೂ ಬಂದಿಲ್ಲ."

"ಮುಂಚೆ ಇಂಥ ಸ್ಕ್ಯಾನ್ ಮಾಡ್ಸಿದ್ರಾ? ಕೈಗೆ ಸೂಜಿ ಹಾಕಿ ಮದ್ದು ಬಿಡ್ತಾರಲ್ಲ, ಅದು?"

"ಮಾಡ್ಸಿದ್ದೆ, ಶಿವಮೊಗ್ಗದಲ್ಲಿ. ಮದ್ದು ಬಿಟ್ಟ ಕೂಡ್ಲೆ ಮೈಯೆಲ್ಲ ಬಿಸಿನೀರು ಹುಯ್ದ ಹಾಗಾಯ್ತು ನೋಡು. ಮಲಗಿದಲ್ಲೇ ಒಂದಕ್ಕೆ ಹೋಗ್ಬಿಟ್ನಾ ಅಂತ ನಾಚಿಕೆ ಆಗಿ ಸತ್ತೆ."

ಬಿಂದು ನಕ್ಕಳು. "ಅದು ಎಲ್ಲರಿಗೂ ಹಾಗೇ ಅನ್ಸೋದು. ಬಾಯಲ್ಲಿ ಕಬ್ಬಿಣದ ರುಚಿನೂ ಬರ್ತದೆ. ಒಂದು ನಿಮಿಷದಲ್ಲಿ ಹೋಗ್ತದೆ, ಅದಕ್ಕೆ ಹೆದರ್ಬಾರ್ದು. ಆಮೇಲೆ ಏನಾದ್ರೂ ಆಯ್ತಾ? ತುರಿಕೆ, ಬಾವು?"

"ಎಂತದೂ ಇಲ್ಲ" ಎಂದ ಬೆಳ್ಳಪ್ಪ, ಹಗ್ಗದಿಂದ ತಲೆ ಎತ್ತದೆ.

"ಮದ್ದಿಂದ ಏನೂ ಆಗ್ಲಿಲ್ಲ" ಎಂದಳು ಕೆರಿಯಮ್ಮ. "ಆವತ್ತೇ ಸಂಜೆ ಕಾಡುಗೇರು ತಾಗಿ ಮುಖ ಊದಿತ್ತು, ಅಷ್ಟೆ."

ಹೊರಡಲು ಚೀಲ ಹೆಗಲಿಗೆ ಹಾಕಿದ್ದ ಬಿಂದು ಅದನ್ನು ಮತ್ತೆ ಕೆಳಗಿಟ್ಟು ಕೂತಳು.

"ಆವತ್ತೇ ಸಂಜೆನಾ? ಸೊಪ್ಪಿಗೆ ಯಾವಾಗ ಹೋಗಿದ್ರಿ?"

"ಆವತ್ತೇ ಬೆಳಿಗ್ಗೆ."

"ಅಕ್ಕ, ನಿಮಗೆ ಕಾಡುಗೇರು ಎಷ್ಟು ಸಲ ತಾಗಿದೆ?"

"ಅದನ್ನ ಲೆಕ್ಕ ಇಡೋರು ಯಾರು? ಮೂರು ನಾಲ್ಕು ಸಲ ಆಗಿರ್ಬಹುದು."

"ತಾಗಿದ ದಿನವೇ ಬಾವು ಬರ್ತಿತ್ತಾ?"

ಕೆರಿಯಮ್ಮ ಶುಂಠಿ ಹಿಡಿದ ಕೈ ನಿಲ್ಲಿಸಿದಳು. "ಇಲ್ಲ... ಮಾರನೇ ದಿನ. ಒಂದೊಂದು ಸಲ ಮೂರನೇ ದಿನ. ಆಮೇಲೆ ನೀರುಗುಳ್ಳೆ ಎದ್ದು, ಒಡೆದು, ಒಣಗೋಕೆ ಒಂದು ವಾರ ಬೇಕು."

"ಆ ಸಲ ಗುಳ್ಳೆ ಎದ್ದಿತ್ತಾ?"

"ಎದ್ದಿರ್ಲಿಲ್ಲ. ಮಾರನೇ ದಿನ ಮಧ್ಯಾಹ್ನಕ್ಕೇ ಇಳೀತಲ್ಲ!"

"ಮುಖ ಬಿಟ್ಟು ಬೇರೆ ಏನಾದ್ರೂ?"

ಕೆರಿಯಮ್ಮ ಗಂಡನ ಮುಖ ನೋಡಿದಳು. ಅವಳು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. "ಬಸ್ಸಲ್ಲಿ ನಾಲಿಗೆ ದಪ್ಪ ಆದ ಹಾಗಾಗಿತ್ತು. ಉಗುಳು ನುಂಗೋಕೆ ಆಗ್ತಿರ್ಲಿಲ್ಲ. ಮಾತಾಡಿದ್ರೆ ಸ್ವರ ಒಡೀತಿತ್ತು. ಇವ್ರಿಗೆ ಬಸ್ಸಲ್ಲಿ ನಿದ್ರೆ ಬಂದಿತ್ತು. ಎಬ್ಸೋದು ಬೇಡ ಅಂತ ಸುಮ್ನಿದ್ದೆ."

ಬೆಳ್ಳಪ್ಪನ ಕೈಯ ಹಗ್ಗ ಜಾರಿತು. ಪಕ್ಕದ ಸೀಟಿನಲ್ಲಿ ಹೆಂಡತಿ ಉಗುಳು ನುಂಗಲಾರದೆ ಕೂತಿದ್ದಾಗ ತಾನು ಗೊರಕೆ ಹೊಡೆಯುತ್ತಿದ್ದೆ ಎಂಬುದು ಅವನಿಗೆ ಮೂರು ವರ್ಷದ ಮೇಲೆ ಗೊತ್ತಾಯಿತು.

"ಕಾಡುಗೇರು ನಾಲಿಗೆ ಒಳಗೆ ಹೋಗಿ ಬಾವು ಬರ್ಸಲ್ಲ ಅಕ್ಕ" ಎಂದಳು ಬಿಂದು. "ನಂಗೆ ಇದು ಸ್ಕ್ಯಾನಿನ ಮದ್ದಿನದೇ ಅನ್ನಿಸ್ತದೆ. ಆದ್ರೆ ನಾನು ಡಾಕ್ಟ್ರಲ್ಲ. ತಡೀರಿ, ಕೇಳ್ತೀನಿ." ಅಲ್ಲೇ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಇಬ್ಬರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅದು ಮದ್ದಿನ ಅಲರ್ಜಿ ಥರಾನೇ ಕಾಣ್ತದೆ" ಎಂದಿತು ಫೋನಿನ ಸ್ವರ. "ಒಂದು ಸಲ ಹಾಗಾದವರಿಗೆ ಮತ್ತೆ ಅದೇ ಮದ್ದು ಹಾಕಿದ್ರೆ ಇನ್ನೊಂದು ಸಲ ಆಗೋ ಸಾಧ್ಯತೆ ಬೇರೆಯವ್ರಿಗಿಂತ ಜಾಸ್ತಿ. ಗಂಟಲು ಬಾತ್ರೆ ಉಸಿರಿಗೇ ಕಷ್ಟ. ಸ್ಕ್ಯಾನ್ ಬಿಡೋದು ಬೇಡ. ಆದ್ರೆ ಸೂಜಿ ಹಾಕೋ ಮುಂಚೆ ಇದನ್ನ ಅಲ್ಲಿ ಹೇಳ್ಲೇಬೇಕು."

ಫೋನ್ ಇಟ್ಟ ಮೇಲೆ ಬೆಳ್ಳಪ್ಪ ಗಂಟಲು ಸರಿ ಮಾಡಿಕೊಂಡ. "ಅವ್ಳು ಮೀನು ತಿಂತಾಳೆ, ಏಡಿ ತಿಂತಾಳೆ. ಒಂದು ದಿನಾನೂ ಕೆರ್ಕೊಂಡವಳಲ್ಲ. ಅಲರ್ಜಿ ಎಲ್ಲಿಂದ ಬರ್ತದೆ?"

"ಮೀನಿಗೂ ಈ ಮದ್ದಿಗೂ ಸಂಬಂಧ ಇಲ್ಲ ಬೆಳ್ಳಪ್ಪಣ್ಣ."

"ಸರಿ ಮಾರಾಯ್ತಿ. ಹೇಳಿದ್ವಿ ಅಂತಿಟ್ಕೋ. ಅವ್ರು ಹೆದ್ರಿ, ನಿಮ್ಮ ಸವಾಸ ಬೇಡ ಅಂತ ವಾಪಸ್ ಕಳ್ಸಿದ್ರೆ? ಇನ್ನೊಂದು ಹತ್ತೊಂಬತ್ತು ದಿನ. ಅಷ್ಟರಲ್ಲಿ ಒಳಗಿರೋದು ಸುಮ್ನೆ ಇರ್ತದಾ?"

ಅವನ ಮಾತಿನಲ್ಲಿ ಇದ್ದದ್ದು ಹಟವಲ್ಲ, ಬರೀ ಹೆದರಿಕೆ. ಬಿಂದುವಿಗೂ ಅದು ತಿಳಿಯಿತು. ಮೆತ್ತಗೆ ಹೇಳಿದಳು: "ಒಂದೆರಡು ದಿನ ಮುಂದೆ ಹಾಕಿದ್ರೂ ಹಾಕ್ಬಹುದು ಅಣ್ಣ, ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಗೊತ್ತಿದ್ರೆ ಅವ್ರು ತಯಾರಿರ್ತಾರೆ. ಗೊತ್ತಿಲ್ದೆ ಇದ್ರೆ ಏನ್ಮಾಡ್ತಾರೆ? ನಾಳೆ ನಂಗೆ ಲಸಿಕೆ ದಿನ, ಜೊತೆಗೆ ಬರೋಕಾಗಲ್ಲ. ನೀವೇ ಹೇಳ್ಬೇಕು. ಹೇಳ್ತೀರಲ್ಲ?"

"ಹೇಳ್ತೀನಿ ಬಿಡು" ಎಂದ ಬೆಳ್ಳಪ್ಪ.

ಹೇಳಬೇಕೆಂದೇ ಅವನೂ ಅಂದುಕೊಂಡಿದ್ದ. ಮಾರನೇ ದಿನ ಸಾಗರದ ಸ್ಕ್ಯಾನ್ ಕೇಂದ್ರಕ್ಕೆ ಹೋಗುವ ತನಕವೂ ಅಂದುಕೊಂಡಿದ್ದ. ಆದರೆ ಅಲ್ಲಿ ಅವರಿಗಿಂತ ಮುಂಚೆ ಕೂತಿದ್ದ ಒಬ್ಬ ಅಜ್ಜನನ್ನು ಏನೋ ಕಾರಣಕ್ಕೆ ಇನ್ನೊಂದು ದಿನ ಬನ್ನಿ ಎಂದು ಕಳಿಸಿದ್ದನ್ನು ಕಂಡ. ಅಷ್ಟೇ ಸಾಕಾಯಿತು. ಕೈಗೆ ಫಾರ್ಮ್ ಬಂತು. ಕೆರಿಯಮ್ಮನಿಗೆ ಸಹಿ ಮಾಡಲು ಬರುತ್ತದೆ, ಉದ್ದದ್ದು ಓದಲು ಬರುವುದಿಲ್ಲ. ಓದಿ ತುಂಬಿದವನು ಬೆಳ್ಳಪ್ಪ. ಹೆಸರು, ವಯಸ್ಸು, ಊರು ಚೆಂದವಾಗಿ ಬರೆದ. ನಾಲ್ಕನೇ ಸಾಲಿನಲ್ಲಿ ಹೀಗಿತ್ತು: ಹಿಂದೆ ಸ್ಕ್ಯಾನ್ ಮದ್ದಿನಿಂದ ತುರಿಕೆ, ಬಾವು, ಉಸಿರಾಟದ ತೊಂದರೆ ಆಗಿದೆಯೇ? ಹೌದು. ಇಲ್ಲ.

ಪೆನ್ನು 'ಹೌದು' ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ 'ಇಲ್ಲ' ಎಂಬಲ್ಲಿ ಸರಿ ಗುರುತು ಹಾಕಿತು.

"ಎಲ್ಲಾ ಬರೆದ್ರಾ?" ಎಂದು ಕೆರಿಯಮ್ಮ ಕೇಳಿದಳು.

"ಬರೆದೆ. ಸಹಿ ಹಾಕು."

ಗಂಡ ಹೇಳಿದಲ್ಲಿ ಅವಳು ಸಹಿ ಹಾಕಿದಳು. ನಲವತ್ತು ವರ್ಷದಿಂದ ಅವನು ತೋರಿಸಿದಲ್ಲೆಲ್ಲ ಅವಳು ಸಹಿ ಹಾಕುತ್ತಲೇ ಬಂದವಳು. ಒಳಗೆ ಕರೆದರು, ಹೋದಳು. ಬಾಗಿಲು ಮುಚ್ಚಿತು.

ಹೊರಗಿನ ಕುರ್ಚಿಯಲ್ಲಿ ಕೂತ ಬೆಳ್ಳಪ್ಪನಿಗೆ ಕುಂಡೆಯಡಿ ಮುಳ್ಳಿಟ್ಟ ಹಾಗಾಯಿತು. ಎದ್ದ. ಕೂತ. ಏನೂ ಆಗುವುದಿಲ್ಲ, ಅದು ಕಾಡುಗೇರೇ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಬಸ್ಸಿನಲ್ಲಿ ಉಗುಳು ನುಂಗಲಾರದೆ ಕೂತಿದ್ದ ಮುಖವೇ ಕಣ್ಣ ಮುಂದೆ ಬಂತು. ಎದ್ದು ಹೋಗಿ ಬಾಗಿಲು ತಟ್ಟಲೇ? ತಟ್ಟಿದರೆ ಏನು ಹೇಳುವುದು, ಸುಳ್ಳು ಬರೆದೆ ಎಂದೇ? ಕಾಲು ಎರಡು ಹೆಜ್ಜೆ ಹೋಯಿತು, ಅಲ್ಲೇ ನಿಂತಿತು.

ಬಾಗಿಲು ತಾನೇ ತೆರೆಯಿತು. ನರ್ಸ್ ನವ್ಯಾ ಹೊರಗೆ ಬಂದಳು. ಕೈಯಲ್ಲಿ ಅದೇ ಫಾರ್ಮ್.

"ಕೆರಿಯಮ್ಮ ಅವರ ಕಡೆಯವ್ರು ಯಾರು? ಈ ಫಾರ್ಮ್ ತುಂಬಿದ್ದು ನೀವಾ?"

ಬೆಳ್ಳಪ್ಪ ಮುಂದೆ ಬಂದ. "ಹೌದು. ಏನಾಯ್ತು? ಅವ್ಳಿಗೆ ಏನಾಯ್ತು?"

"ಏನೂ ಆಗಿಲ್ಲ. ಸೂಜಿ ಹಾಕೋ ಮುಂಚೆ ನಾವು ಇನ್ನೊಂದು ಸಲ ಬಾಯಲ್ಲೇ ಕೇಳ್ತೀವಿ. ಕೇಳಿದೆ. ಅವ್ರು, 'ಫಾರ್ಮಲ್ಲಿ ಬರ್ದಿದೆಯಲ್ಲ ತಂಗಿ, ಹೋದ ಸಲ ನಾಲಿಗೆ ಬಾತಿತ್ತು ಅಂತ' ಅಂದ್ರು. ಫಾರ್ಮಲ್ಲಿ ಇಲ್ಲ ಅಂತಿದೆ. ಯಾವ್ದು ಸರಿ?"

ಕೈತಪ್ಪಿ ಬರೆದೆ ಎನ್ನಬಹುದಿತ್ತು. ಕಣ್ಣು ಮಂಜು, ಸರಿಯಾಗಿ ಕಾಣಲಿಲ್ಲ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಕೆರಿಯಮ್ಮ ನವ್ಯಾಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಮೈಮೇಲೆ ಆಸ್ಪತ್ರೆಯ ನೀಲಿ ಅಂಗಿ. ಅದರಲ್ಲಿ ಅವಳು ಬಹಳ ಸಣ್ಣವಳಾಗಿ ಕಂಡಳು.

"ಅವ್ಳು ಹೇಳಿದ್ದೇ ಸರಿ" ಎಂದ ಬೆಳ್ಳಪ್ಪ. "ನಾನು ಸುಳ್ಳು ಬರೆದೆ."

ಹೆಂಡತಿ ಬಯ್ಯುತ್ತಾಳೆ ಎಂದುಕೊಂಡಿದ್ದ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವಳು ಬಯ್ಯಲಿಲ್ಲ. "ಒಳಗೆ ಹೋಗಿ ಮಲಗೋಳು ನಾನಲ್ವಾ?" ಎಂದಳು, ಅಷ್ಟೇ. ಆ ಒಂದು ಮಾತು ಬೆಳ್ಳಪ್ಪನ ಎದೆಗೆ ಹೋಗಿ ನಾಟಿತು.

ಸ್ಕ್ಯಾನ್ ನೋಡುವ ಡಾಕ್ಟರು ಶ್ರೀಕರ ಇಬ್ಬರನ್ನೂ ಕೂರಿಸಿ ಮಾತಾಡಿಸಿದರು. ಹಳೇ ಕಾಗದ ಕೇಳಿದರು. ಪುಣ್ಯಕ್ಕೆ ಕೆರಿಯಮ್ಮ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದಳು. ಶಿವಮೊಗ್ಗದಲ್ಲಿ ಹಾಕಿದ ಮದ್ದಿನ ಹೆಸರು ಅದರಲ್ಲಿ ಸಿಕ್ಕಿತು.

"ಇವತ್ತು ನಾವು ಹಾಕ್ತಾ ಇದ್ದದ್ದೂ ಇದೇ ಮದ್ದು" ಎಂದರು ಡಾಕ್ಟರು.

ಬೆಳ್ಳಪ್ಪನ ತಲೆ ತಗ್ಗಿತು. "ದಿನ ಮುಂದೆ ಹೋದ್ರೆ ಗಡ್ಡೆ ದೊಡ್ಡದಾಗ್ತದೆ ಅಂತ ಹೆದ್ರಿದೆ ಸಾರ್. ಬೇರೆ ಏನೂ ಇಲ್ಲ."

"ಹೆದರಿಕೆ ಆಗೋದೇ. ಆದ್ರೆ ಕೇಳಿ. ಗಡ್ಡೆ ಒಂದು ದಿನದಲ್ಲಿ ಎಲ್ಲಿಗೂ ಓಡಿ ಹೋಗಲ್ಲ. ಗಂಟಲು ಬಾತ್ರೆ ನಮ್ಮ ಕೈಯಲ್ಲಿರೋದು ಕೆಲವೇ ನಿಮಿಷ."

"ಹಾಗಾದ್ರೆ ಈಗ ಮದ್ದೇ ಹಾಕದೆ ಮಾಡೋಕಾಗಲ್ವಾ?" ಎಂದಳು ಕೆರಿಯಮ್ಮ.

"ಕೆಲವು ಕಾಯಿಲೆಗೆ ಮದ್ದಿಲ್ಲದ ಸ್ಕ್ಯಾನೇ ಸಾಕಾಗ್ತದೆ. ಕೆಲವಕ್ಕೆ ಬೇರೆ ಥರದ ಪರೀಕ್ಷೆ ಇದೆ. ನಿಮ್ಮ ಆಪರೇಷನ್ ಡಾಕ್ಟ್ರ ಹತ್ರ ಈಗ ಮಾತಾಡ್ತೀನಿ." ಮಾತಾಡಿದರು. ಈ ಗಡ್ಡೆಗೆ ಮದ್ದು ಹಾಕಿಯೇ ನೋಡಬೇಕು ಎಂದಾಯಿತು. "ಆಯ್ತು. ಇದೇ ಜಾತಿಯ ಬೇರೆ ಮದ್ದು ಇದೆ, ಅದನ್ನ ಹಾಕೋಣ. ಅದಕ್ಕೂ ಮುಂಚೆ ಅಲರ್ಜಿ ತಡೆಯೋ ಮಾತ್ರೆ ಬರ್ದು ಕೊಡ್ತೀನಿ, ಹೇಳಿದ ಗಂಟೆಗೆ ತಗೊಳ್ಬೇಕು. ನಾಳೆ ಮಧ್ಯಾಹ್ನ ಬನ್ನಿ. ಏನೂ ಆಗೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ ಅಮ್ಮ. ಆದ್ರೆ ನಾನೇ ಪಕ್ಕದಲ್ಲಿ ಇರ್ತೀನಿ, ಅಲರ್ಜಿ ಆದ್ರೆ ಕೊಡೋ ಇಂಜೆಕ್ಷನ್ ತುಂಬಿ ಇಟ್ಕೊಂಡಿರ್ತೀವಿ."

ಹತ್ತೊಂಬತ್ತು ದಿನ ಎಂದು ಹೆದರಿದ್ದ ಬೆಳ್ಳಪ್ಪನಿಗೆ ತಡವಾದದ್ದು ಒಂದೇ ದಿನ. ಅದಕ್ಕಾಗಿ ತಾನು ಏನನ್ನು ಪಣಕ್ಕಿಟ್ಟಿದ್ದೆ ಎಂಬುದು ಅವನಿಗೆ ಈಗ ಹೊಳೆಯಿತು.

ಆ ದಿನ ಸಾಗರದಲ್ಲೇ ಕೆರಿಯಮ್ಮನ ತಂಗಿ ಹಾಲಮ್ಮನ ಮನೆಯಲ್ಲಿ ಉಳಿದರು. ಹಾಲಮ್ಮ ಊಟಕ್ಕೆ ಬಡಿಸಿದಳು. ಬೆಳ್ಳಪ್ಪ ತಟ್ಟೆ ನೋಡುತ್ತಾ ಕೂತ.

"ಭಾವ, ಅನ್ನ ನೋಡ್ತಾ ಕೂತ್ರೆ ಹೊಟ್ಟೆ ತುಂಬ್ತದಾ?" ಎಂದಳು ಹಾಲಮ್ಮ.

"ಉಣ್ಣಿ" ಎಂದಳು ಕೆರಿಯಮ್ಮ. "ಹೆದ್ರಿದ್ದು ನೀವೊಬ್ರೇ ಅಲ್ಲ. ನಾನೂ ಹೆದ್ರಿದ್ದೆ. ನಂಗೆ ಒಂದು ಮಾತು ಹೇಳಿದ್ದಿದ್ರೆ ಇಬ್ರೂ ಒಟ್ಟಿಗೇ ಹೆದ್ರಬಹುದಿತ್ತು."

ಬೆಳ್ಳಪ್ಪ ಉಂಡ. ಉಂಡ ಮೇಲೆ ಮಾತ್ರೆಯ ಚೀಟಿ ತೆಗೆದು, ಯಾವ ಗಂಟೆಗೆ ಯಾವುದು ಎಂದು ಹೆಂಡತಿಗೆ ಎರಡು ಸಲ ಓದಿ ಹೇಳಿದ. ಅವಳಿಗೆ ಒಂದೇ ಸಲಕ್ಕೆ ಗೊತ್ತಾಗಿತ್ತು. ಆದರೂ ಎರಡನೇ ಸಲವೂ ಕೇಳಿಸಿಕೊಂಡಳು.

ಮಾರನೇ ದಿನ ಸ್ಕ್ಯಾನ್ ಆಯಿತು. ಒಳಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ನವ್ಯಾ ಕೆರಿಯಮ್ಮನನ್ನು ಹೊರಗೆ ತಂದು ಕೂರಿಸಿದಳು. ಕೈಯ ಸೂಜಿಯನ್ನು ಇನ್ನೂ ತೆಗೆದಿರಲಿಲ್ಲ. "ಅರ್ಧ ಗಂಟೆ ಇಲ್ಲೇ. ತುರಿಕೆ, ಸೀನು, ಕೆಮ್ಮು, ಬಾವು, ಉಸಿರು ಕಟ್ಟಿದ ಹಾಗೆ, ಏನಾದ್ರೂ ಆದ್ರೆ ನಂಗೆ ಕರೀರಿ. ಸಣ್ಣದು ಅಂತ ಸುಮ್ನಿರ್ಬೇಡಿ."

ಬೆಳ್ಳಪ್ಪ ತನ್ನ ಕುರ್ಚಿಯನ್ನು ಹೆಂಡತಿಯ ಪಕ್ಕದಿಂದ ಎದುರಿಗೆ ತಿರುಗಿಸಿಕೊಂಡ. ಅವಳ ಮುಖವನ್ನೇ ನೋಡುತ್ತಾ ಕೂತ. ನಲವತ್ತು ವರ್ಷ ಸಂಸಾರ ಮಾಡಿದ್ದರೂ ಅಷ್ಟು ಹೊತ್ತು ಆ ಮುಖವನ್ನು ಅವನು ನೋಡಿದ್ದೇ ಇಲ್ಲ. ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇರುವುದು ಆ ದಿನ ಅವನ ಕಣ್ಣಿಗೆ ಬಿತ್ತು.

"ಎಂತ ಹಾಗೆ ನೋಡ್ತೀರಿ? ಜನ ಇದಾರೆ" ಎಂದು ಕೆರಿಯಮ್ಮ ನಾಚಿದಳು.

"ನೀನು ಸುಮ್ನೆ ಕೂತ್ಕೋ."

ಹದಿನೈದು ನಿಮಿಷ ಕಳೆದಿರಬೇಕು. ಕೆರಿಯಮ್ಮನ ಕುತ್ತಿಗೆಯ ಬಳಿ ಕೆಂಪಗೆ ಎರಡು ದದ್ದು ಕಂಡವು. ಅವಳು ಆಸ್ಪತ್ರೆಯ ಅಂಗಿಯ ಮೇಲಿಂದಲೇ ಕೆರೆದುಕೊಂಡಳು. ಮೇಲ್ತುಟಿಯ ಒಂದು ಬದಿ ಸ್ವಲ್ಪ ದಪ್ಪಗಾದ ಹಾಗೆ ಕಂಡಿತು. ಬೇರೆಯವರಾದರೆ ಗಮನಿಸುತ್ತಿರಲಿಲ್ಲ. ಆ ಮುಖವನ್ನೇ ನೋಡುತ್ತಾ ಕೂತವನಿಗೆ ಗೊತ್ತಾಯಿತು.

"ನವ್ಯಮ್ಮಾ! ಇಲ್ಲಿ ಬನ್ನಿ! ಬೇಗ!" ಬೆಳ್ಳಪ್ಪನ ಕೂಗಿಗೆ ಇಡೀ ಕೇಂದ್ರವೇ ತಿರುಗಿ ನೋಡಿತು.

ನವ್ಯಾ ಓಡಿ ಬಂದಳು, ಡಾಕ್ಟರೂ ಬಂದರು. ಕೆರಿಯಮ್ಮನನ್ನು ಮಂಚದ ಮೇಲೆ ಮಲಗಿಸಿದರು. ನಾಲಿಗೆ ಚಾಚಿ ಎಂದರು, ಮಾತಾಡಿ ಎಂದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ರಕ್ತದೊತ್ತಡ ನೋಡಿದರು. ಕೈಯಲ್ಲಿದ್ದ ಸೂಜಿಯಿಂದಲೇ ಔಷಧಿ ಕೊಟ್ಟರು. ಗಂಟಲು ಬಾತಿರಲಿಲ್ಲ, ಉಸಿರು ಚೆನ್ನಾಗಿತ್ತು. ಅರ್ಧ ಗಂಟೆಯಲ್ಲಿ ದದ್ದು ಮಾಯವಾಯಿತು, ತುಟಿ ಮೊದಲಿನ ಹಾಗಾಯಿತು. ಆದರೂ ಸಂಜೆಯವರೆಗೆ ಅಲ್ಲೇ ಇಟ್ಟುಕೊಂಡು ನೋಡಿದರು.

ಕಳಿಸುವ ಮುಂಚೆ ಡಾಕ್ಟರು ಹೇಳಿದರು: "ಮಾತ್ರೆ ತಗೊಂಡು, ಮದ್ದು ಬದಲಾಯಿಸಿದ್ರೂ ಇಷ್ಟಾಯ್ತು. ನಿನ್ನೆ ಏನೂ ಗೊತ್ತಿಲ್ದೆ ಅದೇ ಮದ್ದು ಹಾಕಿದ್ರೆ, ಆಮೇಲೆ ನೀವು ಬಸ್ ಹತ್ತಿದ್ರೆ, ಏನಾಗ್ತಿತ್ತೋ ನಂಗೆ ಯೋಚ್ನೆ ಮಾಡೋಕೂ ಇಷ್ಟ ಇಲ್ಲ. ಅವರ ಫೈಲಿನ ಮೇಲೆ ಎರಡೂ ಮದ್ದಿನ ಹೆಸರು ಬರ್ದಿದೀನಿ. ಇನ್ನು ಯಾವ ಆಸ್ಪತ್ರೆಗೆ ಹೋದ್ರೂ ಮೊದ್ಲು ಇದನ್ನ ತೋರ್ಸಿ."

ಬೆಳ್ಳಪ್ಪ ಎರಡೂ ಕೈ ಜೋಡಿಸಿದ.

ನಾಲ್ಕು ದಿನದ ಮೇಲೆ ಆಪರೇಷನ್ ಡಾಕ್ಟರು ಸ್ಕ್ಯಾನಿನ ಚಿತ್ರ ನೋಡಿದರು. ಗಡ್ಡೆ ಒಂದು ಮೂಲೆಯಲ್ಲಿದೆ, ಮೂತ್ರಪಿಂಡ ಉಳಿಸಿಕೊಂಡೇ ಅದನ್ನು ತೆಗೆಯಬಹುದು ಎಂದರು. ತೆಗೆದರು. ಈಗ ಕೆರಿಯಮ್ಮ ಮನೆಯಲ್ಲಿದ್ದಾಳೆ. ಭಾರ ಎತ್ತುವಂತಿಲ್ಲ, ಆದ್ದರಿಂದ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವ ಕೆಲಸ ಬೆಳ್ಳಪ್ಪನದಾಗಿದೆ.

ಮೊನ್ನೆ ಡೈರಿಯ ಸಾಲಿನಲ್ಲಿ ಅವನ ಮುಂದೆ ನಿಂತಿದ್ದ ಪುಷ್ಪಮ್ಮ ಯಾರಿಗೋ ಹೇಳುತ್ತಿದ್ದಳು. ಅವಳ ಅತ್ತೆಯನ್ನು ನಾಳೆ ಸ್ಕ್ಯಾನಿಗೆ ಕರೆದುಕೊಂಡು ಹೋಗಬೇಕಂತೆ. "ಹೋದ ವರ್ಷ ಮಾಡ್ಸಿದಾಗ ಮೈಯೆಲ್ಲ ದದ್ದು ಎದ್ದು ಫಜೀತಿ. ಅದನ್ನೆಲ್ಲ ಅಲ್ಲಿ ಹೇಳೋಕೆ ಹೋದ್ರೆ ಸುಮ್ನೆ ತಡ" ಎಂದಳು.

ಬೆಳ್ಳಪ್ಪ ಕ್ಯಾನು ಕೆಳಗಿಟ್ಟ. ಸಾಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಊರೇ ಇತ್ತು. ತನ್ನ ತಪ್ಪನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಂಡ ಅಭ್ಯಾಸ ಅವನಿಗೆ ಜನ್ಮದಲ್ಲಿ ಇರಲಿಲ್ಲ.

"ಪುಷ್ಪಮ್ಮಾ, ಹೇಳ್ಬೇಕು" ಎಂದ. "ನಮ್ಮನೆಯವಳ ಫಾರ್ಮಲ್ಲಿ 'ಇಲ್ಲ' ಅಂತ ಬರ್ದವ ನಾನು. ಅವ್ಳು ಬಾಯಿ ಬಿಡದೆ ಇದ್ದಿದ್ರೆ ಇವತ್ತು ನಾನು ಹಾಲು ತರ್ತಿರ್ಲಿಲ್ಲ. ಹಾಲು ಕರೆಯೋಕೆ ಮನೇಲಿ ಅವ್ಳೇ ಇರ್ತಿರ್ಲಿಲ್ಲ."

ಪುಷ್ಪಮ್ಮ ಸೆರಗಿನ ಗಂಟಿನಿಂದ ಫೋನ್ ತೆಗೆದು, ಅಲ್ಲೇ ನಿಂತು ಬಿಂದುವಿಗೆ ಫೋನ್ ಮಾಡಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸ್ಕ್ಯಾನಿಗೆ ಹೆದರಬೇಡಿ. ಆ ಮದ್ದಿನಿಂದ ಬಹಳ ಜನರಿಗೆ ಏನೂ ಆಗುವುದಿಲ್ಲ. ಆದರೆ ಹಿಂದೆ ಒಮ್ಮೆ ಅದನ್ನು ಹಾಕಿಸಿಕೊಂಡ ದಿನ ನಿಮಗೆ ತುರಿಕೆ ಬಂದಿದ್ದರೆ, ಕಣ್ಣು ತುಟಿ ಬಾತಿದ್ದರೆ, ಸ್ವರ ಒಡೆದಿದ್ದರೆ, ಉಸಿರು ಕಟ್ಟಿದ್ದರೆ, ಅದು ಬಿಸಿಲಿಗೆ ಆಯಿತು, ಹುಳ ಕಚ್ಚಿತು, ಗಿಡ ತಾಗಿತು ಎಂದು ನೀವೇ ತೀರ್ಮಾನ ಮಾಡಬೇಡಿ. ಸೂಜಿ ಹಾಕುವ ಮುಂಚೆ ಡಾಕ್ಟರಿಗೆ ಹೇಳಿ, ಹಳೇ ಕಾಗದ ತೋರಿಸಿ. ಉಬ್ಬಸ ಇದ್ದರೆ, ಬೇರೆ ಔಷಧಿಗೆ ಅಲರ್ಜಿ ಇದ್ದರೆ, ಮೂತ್ರಪಿಂಡದ ಕಾಯಿಲೆ ಇದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಮುಗಿದ ಮೇಲೆ ಅವರು ಹೇಳಿದಷ್ಟು ಹೊತ್ತು ಅಲ್ಲೇ ಕೂತಿರಿ. ಮನೆಗೆ ಬಂದ ಮೇಲೆ ಮುಖ, ನಾಲಿಗೆ ಬಾತರೆ, ಉಸಿರು ಕಷ್ಟವಾದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಓಡಿ. ಜೊತೆಗೆ ಹೋದವರು ನೀವಾದರೆ, ಆ ಅರ್ಧ ಗಂಟೆ ನಿಮ್ಮವರ ಮುಖ ನೋಡುತ್ತಾ ಕೂರಿ. ಬಸ್ಸು ನಾಳೆಯೂ ಬರುತ್ತದೆ.